ಲೈಡಾರ್ ಎತ್ತರ ಖರೇನ ಅದನೋ ಇಲ್ಲೋ, ಚೆಕ್ ಮಾಡೋದು ಹೆಂಗ

ಹುಬ್ಬಳ್ಳಿಯಿಂದ ಘಟ್ಟ ಇಳಿದು ಕುಮಟಾ, ಅಘನಾಶಿನಿ ಕಡೆ ಸರ್ವೇಕ್ಕ ಹೋಗೋರು ಇದನ್ನ ಓದ್ರಿ. ಲೈಡಾರ್ ಅಂದ್ರ ವಿಮಾನದಿಂದ ಲೇಸರ್ ಬಿಟ್ಟು ನೆಲದ ಎತ್ತರ ಅಳಿಯೋದು. ಹಂಗ ಮಾಡಿದ ಮ್ಯಾಪ್ ಎಷ್ಟ ಚಂದ ಕಂಡ್ರೂ, ನೆಲದ ಮ್ಯಾಲೆ ನಾವ ಅಳದ ಪಾಯಿಂಟ್ ಜೊತಿ ಹೋಲಿಸೋ ತನಕ ನಂಬಬ್ಯಾಡ್ರಿ.

ಆರ್‌ಟಿಕೆ ಜಿಪಿಎಸ್‌ಲೆ (ಸೆಂಟಿಮೀಟರ್ ಮಟ್ಟಕ್ಕ ಅಳಿಯೋ ಜಿಪಿಎಸ್) ಕನಿಷ್ಠ 30 ಚೆಕ್ ಪಾಯಿಂಟ್ ತಗೋರಿ, ಡೇಟಾ ಸರಿ ಮಾಡಾಕ ಬಳಸಿದ ಪಾಯಿಂಟ್ ಇದಕ್ಕ ನಡಿಯಂಗಿಲ್ಲ. ಬರೇ ಡಾಂಬರ್ ರೋಡ್ ಮ್ಯಾಲೆ ತಗೊಂಡ್ರ ರಿಸಲ್ಟ್ ಚಲೋನ ಬರ್ತದ, ಆದ್ರ ಕರಾವಳಿ ಅಂದ್ರ ಉಸುಕು, ಕೆಸರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಗಜನಿ (ಉಪ್ಪುನೀರು ಬರೋ) ಗದ್ದಿ, ಎಲ್ಲಾದ್ರಾಗೂ ಬೇರೆ ಬೇರೆ ತಗೀರಿ. ಕೆಸರಿನಾಗ ಜಿಪಿಎಸ್ ಪೋಲ್ ತುದಿ ಒಳಗ ಇಳೀತದ, ನಂಗ ಮೊದಲನೇ ಸಲ ಹಂಗ ಆಗಿ ಇಡೀ ದಿನದ ರೀಡಿಂಗ್ ಹಾಳಾತು, ಅದಕ್ಕ ತಳಕ್ಕ ಅಗಲ ಪ್ಲೇಟ್ ಹಾಕ್ರಿ. ಮಳಿ ಆದ ಮ್ಯಾಲೆ ನಮ್ಮ ಎರಿ ಹೊಲದಾಗ ಪ್ರಾಕ್ಟೀಸ್ ಮಾಡ್ರಿ, ಗೊತ್ತಾಗ್ತದ.

ವಿಮಾನ ಹಾರೋದು ಸಮುದ್ರದ ನೀರು ಇಳಿದಾಗ ಇರ್ಲಿ, ಯಾಕಂದ್ರ 1064 ನ್ಯಾನೋಮೀಟರ್ ಲೇಸರ್ ನೀರೊಳಗ ಹೋಗಂಗಿಲ್ಲ, ತಳ ಬೇಕಂದ್ರ 532ರ ಹಸಿರು ಲೇಸರ್ ಬೇಕು, ಅದೂ ನೀರು ತಿಳಿ ಇದ್ರ ಮಾತ್ರ.

ಜಿಪಿಎಸ್ ಎತ್ತರ ಸಮುದ್ರ ಮಟ್ಟದ್ದಲ್ಲ, ಲೈಡಾರ್‌ಗೂ ನಿಮ್ಮ ಪಾಯಿಂಟಿಗೂ ಒಂದ ಜಿಯಾಯ್ಡ್ ಮಾಡೆಲ್ (ಜಿಪಿಎಸ್ ಎತ್ತರನ ಸಮುದ್ರ ಮಟ್ಟದ ಎತ್ತರಕ್ಕ ತರೋ ಲೆಕ್ಕ) ಹಾಕ್ರಿ, ಇಲ್ಲಂದ್ರ ಹತ್ತಾರು ಮೀಟರ್ ಫರಕ್ ಬರ್ತದ.

ಈಗ ಲೆಕ್ಕ. ಲೈಡಾರ್ ಎತ್ತರದಾಗ ನಿಮ್ಮ ಎತ್ತರ ಕಳೀರಿ. ನಾಕು ಪಾಯಿಂಟಿನಾಗ 6, 10, 8, 8 ಸೆಂಟಿಮೀಟರ್ ಬಂತು ಅನ್ಕೋರಿ, ವರ್ಗ ಮಾಡಿ ಸರಾಸರಿ ತಗದು ವರ್ಗಮೂಲ ತಗೀರಿ, 8.1. ಅದೇ ಆರ್‌ಎಂಎಸ್‌ಇ, ಅಂದ್ರ ಒಟ್ಟು ತಪ್ಪು ಎಷ್ಟು ಅನ್ನೋ ಅಳತಿ. 1.96ಲೆ ಗುಣಿಸಿದ್ರ 95 ಪರ್ಸೆಂಟ್ ಮಟ್ಟಕ್ಕ (ನೂರರಾಗ 95 ಪಾಯಿಂಟಿನ ತಪ್ಪು ಇದರೊಳಗ) ಸುಮಾರು 16 ಸೆಂಟಿಮೀಟರ್, ಆದ್ರ ತಪ್ಪು ಪ್ಲಸ್, ಮೈನಸ್ ಎರಡೂ ಕಡೆ ಹರಡಿದ್ರ ಮಾತ್ರ ಈ ಗುಣಾಕಾರ ಸರಿ. ಇಲ್ಲಿ ಎಲ್ಲಾ ಪ್ಲಸ್ ಅದಾವು ನೋಡ್ರಿ, ಅಂದ್ರ ಲೇಸರ್ ನೆಲ ಮುಟ್ಟದೇ ಹುಲ್ಲಿನ ಮ್ಯಾಲೇನ ನಿಂತಿರ್ಬಹುದು. ಗಿಡದ ಜಾಗದ್ದು ಬ್ಯಾರೇನ ರಿಪೋರ್ಟ್ ಮಾಡ್ರಿ, ರೋಡಿನ ಜೊತಿ ಕಲಸಬ್ಯಾಡ್ರಿ.