ಕುಂಞಿಯ ತುರಿಕೆ: ಎಣ್ಣೆ ಒಂದು ಬಿಟ್ಟು ಬಾಕಿ ಎಲ್ಲ

ನಮ್ಮ ಕುಂಞಿ ಊರಿನ ಹಸಿರು ಗಿಳಿ ಅಲ್ಲ, ಕೋಕಟೀಲ್. ಆಸ್ಟ್ರೇಲಿಯಾ ಮೂಲದ ಜಾತಿ. ತಲೆಯಲ್ಲಿ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು. ಇದನ್ನು ಮೊದಲೇ ಹೇಳಲಿಕ್ಕೆ ಕಾರಣ ಉಂಟು. ತೋಟಕ್ಕೆ ಬರುವ ಕೊರಳಪಟ್ಟಿಯ ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅದಕ್ಕೆ ತುರಿಕೆ ಬಂದರೆ ಮನೆಮದ್ದು ಹುಡುಕುವುದಲ್ಲ, ಅರಣ್ಯ ಇಲಾಖೆಯವರಿಗೆ ಒಪ್ಪಿಸುವುದು.

ಹಕ್ಕಿ ಗರಿ ತೀಡುವುದು ರೋಗವಲ್ಲ. ತಿಂದಾದ ಮೇಲೆ, ಮಿಂದಾದ ಮೇಲೆ, ನಿದ್ರೆಗೆ ಮುಂಚೆ ತೀಡಿಯೇ ತೀಡುತ್ತದೆ. ಬಾಲದ ಬುಡದಲ್ಲಿ ಸಣ್ಣದೊಂದು ಎಣ್ಣೆಗ್ರಂಥಿ; ಅಲ್ಲಿಗೆ ಕೊಕ್ಕು ಒರೆಸಿ, ಒಂದೊಂದೇ ಗರಿಯನ್ನು ಬುಡದಿಂದ ತುದಿಗೆ ಎಳೆಯುತ್ತದೆ. ಕೋಕಟೀಲ್‌ಗೆ ಇದರ ಮೇಲೆ ಬಿಳಿ ಹುಡಿ ಬೇರೆ. ಮೈಯ ಕೆಲವು ತುಪ್ಪಳಗರಿಗಳೇ ಹುಡಿಯಾಗಿ ಉದುರುವುದು ಅದು. ಪಂಜರದ ಹತ್ತಿರದ ಮೇಜಿನ ಮೇಲೆ ಬೆರಳೆಳೆದರೆ ಗೆರೆ ಮೂಡುತ್ತದೆ. ಹೊಸಬರು ಇದನ್ನು ಕಂಡೇ ಚರ್ಮ ಒಣಗಿತು ಎಂದು ಹೆದರುವುದು.

ಕುಂಞಿ ಮಾಡುತ್ತಿದ್ದದ್ದು ಬೇರೆ. ಎದೆ ಮತ್ತು ಎಡತೊಡೆಯ ಒಂದೇ ಜಾಗಕ್ಕೆ ಮತ್ತೆ ಮತ್ತೆ ಕೊಕ್ಕು. ಎಳೆಯುವುದಲ್ಲ, ಕಚ್ಚುವುದು, ಟಕ್ ಟಕ್ ಎಂದು ಕೇಳುತ್ತಿತ್ತು. ಪಂಜರದಡಿಯ ಕಾಗದದಲ್ಲಿ ಇಡೀ ಗರಿಗಳ ಬದಲು ತುಂಡಾದ ಗರಿಗಳು. ತಲೆಯ ಗರಿ ಮಾತ್ರ ನೆಟ್ಟಗೆ. ತಲೆಗೆ ಅದರ ಕೊಕ್ಕು ತಾಗುವುದಿಲ್ಲವಲ್ಲ, ಅಂದರೆ ಕಿತ್ತುಕೊಳ್ಳುವುದು ತಾನೇ ಎಂದು ಲೆಕ್ಕ. ತಲೆಯೂ ಬೋಳಾದರೆ ಜೊತೆಯ ಹಕ್ಕಿಯ ಕಾಟವೋ ಗರಿಯ ರೋಗವೋ ಎಂದು ನೋಡಬೇಕಾಗುತ್ತದೆ. ಹಳದಿ-ಬಿಳಿಯ ಲುಟಿನೋ ಕೋಕಟೀಲ್‌ಗೆ ಮಾತ್ರ ಜುಟ್ಟಿನ ಹಿಂದೆ ಹುಟ್ಟಿನಿಂದಲೇ ಬೋಳು ಇರುವುದುಂಟು, ಅದಕ್ಕೆ ಗಾಬರಿ ಬೇಡ.

ಕಾಸರಗೋಡಿನವರ ಮನೆಯಲ್ಲಿ ತುರಿಕೆ ಎಂದರೆ ಕೈ ಮೊದಲು ಹೋಗುವುದು ತೆಂಗಿನೆಣ್ಣೆಯ ಕುಪ್ಪಿಗೆ. ಅತ್ತೆ ಹೇಳಿದ್ದೂ ಅದನ್ನೇ: “ಎರಡು ಹನಿ ಪೂಸಿ ನೋಡು ಮಾರಾಯ್ತಿ, ಮಕ್ಕಳ ಮೈಗೇ ಆಗುತ್ತದೆ, ಇದಕ್ಕೆ ಆಗದಾ?” ಆಗುವುದಿಲ್ಲ. ಎಣ್ಣೆ ತಾಗಿದ ಗರಿಗಳು ಒಂದಕ್ಕೊಂದು ಅಂಟುತ್ತವೆ, ಮೈಯ ಬಿಸಿ ನಿಲ್ಲುವುದಿಲ್ಲ, ಅದನ್ನು ತೆಗೆಯಲಿಕ್ಕೆಂದು ಹಕ್ಕಿ ಇನ್ನಷ್ಟು ತೀಡಿ ಅಷ್ಟೂ ಹೊಟ್ಟೆಗೆ ಇಳಿಸುತ್ತದೆ. ಪಕ್ಕದ ಮನೆಯ ಭಾವನವರು ಇರುವೆಗೆ ಹಾಕುವ ಹುಡಿ ಸ್ವಲ್ಪ ಉದುರಿಸಿ ಎಂದರು. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ಇದು. ಇಲ್ಲಿ ಕುಳಿತು ಅಂಥ ಸಲಹೆ ಹೇಗೆ ಕೊಡುತ್ತಾರೋ!

ಹೇನು, ನುಸಿ ಎಂಬ ಸಂಶಯ ಇದ್ದರೆ ಅದಕ್ಕೆ ಸುಲಭದ ಪರೀಕ್ಷೆ ಉಂಟು. ಕೆಂಪು ನುಸಿ ಹಗಲು ಪಂಜರದ ಸಂದುಗಳಲ್ಲಿ ಅಡಗಿ ರಾತ್ರಿ ರಕ್ತ ಹೀರಲಿಕ್ಕೆ ಬರುವಂಥದ್ದು. ರಾತ್ರಿ ಬಿಳಿ ಪಂಚೆ ಹೊದೆಸಿ ಬೆಳಗಾಗುವ ಮೊದಲೇ ಟಾರ್ಚ್ ಹಿಡಿದು ಒಳಬದಿ ನೋಡಿದೆ. ಹರಿದಾಡುವ ಕೆಂಪು ಚುಕ್ಕೆ ಇರಲಿಲ್ಲ. ಮನೆಯೊಳಗೆ ಒಂಟಿಯಾಗಿರುವ ಹಕ್ಕಿಗೆ ಜನ ಎಣಿಸಿದಷ್ಟು ನುಸಿ ಆಗುವುದೂ ಇಲ್ಲ.

ಹತ್ತಿರದ ಆಸ್ಪತ್ರೆಯ ಡಾಕ್ಟರು ದನ, ನಾಯಿ ನೋಡುವವರು. ಹಕ್ಕಿ ನೋಡುವವರ ಹತ್ತಿರ ಹೋಗಿ ಎಂದು ಅವರೇ ಹೇಳಿದರು. ತಲಪಾಡಿ ದಾಟಿ ಮಂಗಳೂರಿಗೆ ಹೋದೆವು. ಅಲ್ಲಿ ಚರ್ಮ ನೋಡಿದರು, ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೋಕಟೀಲ್‌ಗಳಲ್ಲಿ ಹೊಟ್ಟೆಯೊಳಗಿನ ಜಿಯಾರ್ಡಿಯಾ ಎಂಬ ಪರಾವಲಂಬಿ ಜೀವಿಯಿಂದಲೂ ಮೈ ತುರಿಸುವುದುಂಟಂತೆ. ಕುಂಞಿಗೆ ಅದು ಇರಲಿಲ್ಲ. ಚರ್ಮ ಒಣಗಿ ಹೊಟ್ಟು ಏಳುತ್ತಿತ್ತು, ಜೊತೆಗೆ ಹೊಸ ಗರಿ ಹುಟ್ಟುವ ಸಮಯ. “ಏನು ತಿನ್ನಲಿಕ್ಕೆ ಕೊಡುತ್ತೀರಿ, ರಾತ್ರಿ ಎಷ್ಟು ಹೊತ್ತಿಗೆ ಮಲಗಿಸುತ್ತೀರಿ?” ಎಂದು ಕೇಳಿದರು. ಮುಂದಿನ ಕೆಲಸವೆಲ್ಲ ಆ ಎರಡು ಪ್ರಶ್ನೆಯಿಂದಲೇ ಹೊರಟದ್ದು.

ಬರೀ ಸೂರ್ಯಕಾಂತಿ ಬೀಜ, ನವಣೆ ತಿಂದರೆ ವಿಟಮಿನ್ ಎ ಸಾಕಾಗುವುದಿಲ್ಲ, ಕ್ಯಾಲ್ಸಿಯಂ ಸಾಕಾಗುವುದಿಲ್ಲ, ಚರ್ಮ ಒಣಗುತ್ತದೆ. ಅಂಗಡಿಯ ವಿಟಮಿನ್ ಹನಿ ಅಳತೆ ಮೀರಿ ಸುರಿದರೆ ಅದೂ ವಿಷ. ನಮ್ಮ ಹಿತ್ತಿಲಲ್ಲಿ ನುಗ್ಗೆ ಉಂಟು, ಚೀನಿಕಾಯಿ (ಸಿಹಿಗುಂಬಳ) ಉಂಟು, ಪಪ್ಪಾಯಿ ಉಂಟು. ಕೊಡುವುದು ಸುಲಭ, ತಿನ್ನಿಸುವುದು ಕಷ್ಟ. ಕೋಕಟೀಲ್‌ನ ಹಟ ಮೂರು ವರ್ಷದ ಮಗುವಿನದ್ದು. ಚೀನಿಕಾಯಿಯನ್ನು ತುರಿದು ನವಣೆಯೊಟ್ಟಿಗೆ ಕಲಸಿದರೆ ನವಣೆ ಮಾತ್ರ ಹೆಕ್ಕುತ್ತಿತ್ತು, ಆದರೆ ಕಾಳಿಗೆ ಅಂಟಿದ ತುರಿ ಹೇಗೂ ಬಾಯಿಗೆ ಹೋಗುತ್ತಿತ್ತು. ಬೀಜವನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಹಟಕ್ಕೆ ಬಿದ್ದು ಉಪವಾಸ ಕುಳಿತು ಸೊರಗಿದರೆ ಅಪಾಯ, ಹಾಗಾಗಿ ದಿನಾ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ. ಕ್ಯಾಲ್ಸಿಯಂಗೆ ಕಡಲ ಬದಿಯಲ್ಲಿ ಬಿದ್ದಿರುವ ಕಟಲ್‌ಫಿಶ್‌ನ ಒಳಚಿಪ್ಪು, ಅಂದರೆ ಕಡಲ್‌ನಾಕ್ಕ್ ತಂದು, ಉಪ್ಪು ಹೋಗುವವರೆಗೆ ನೀರು ಬದಲಿಸುತ್ತ ನೆನೆಸಿ, ಕುದಿಸಿ, ಬಿಸಿಲಿಗೆ ಒಣಗಿಸಿ ಕಟ್ಟಿದೆ.

ನುಗ್ಗೆಸೊಪ್ಪಿನ ಕಟ್ಟನ್ನು ಚೆನ್ನಾಗಿ ತೊಳೆದು, ನೀರು ತೊಟ್ಟಿಕ್ಕುತ್ತಿರುವಾಗಲೇ ಪಂಜರದ ಮಾಡಿಗೆ ತಲೆಕೆಳಗಾಗಿ ತೂಗುಹಾಕುತ್ತಿದ್ದೆ, ತಿನ್ನಲಿ ಎಂದು. ಅದು ಮೊದಲು ಮಾಡಿದ್ದು ಮೈ ಉಜ್ಜುವ ಕೆಲಸ. ಜುಟ್ಟು ಮಡಚಿ, ಒದ್ದೆ ಎಲೆಗಳೊಳಗೆ ತಲೆ ತೂರಿಸಿ, ಎದೆ ಒತ್ತಿ, ಒಂದು ರೆಕ್ಕೆ ಬಿಚ್ಚಿ ತಿರುಗಿ ಇನ್ನೊಂದು ರೆಕ್ಕೆ ಬಿಚ್ಚಿ, ಎಲ್ಲ ಒದ್ದೆ ಮಾಡಿಕೊಂಡಿತು. ಬಟ್ಟಲಿನ ನೀರಿಗೆ ಕಾಲೂ ಇಡದ ಹಕ್ಕಿ! ಅಂದಿನಿಂದ ಸ್ನಾನ ಹೀಗೇ. ಸೊಪ್ಪಿಲ್ಲದ ದಿನ ಸ್ಪ್ರೇ ಕುಪ್ಪಿಯಲ್ಲಿ ಬರೀ ಉಗುರುಬೆಚ್ಚಗಿನ ನೀರನ್ನು ಮೇಲಕ್ಕೆ ಹಾರಿಸಿ, ತುಂತುರು ತಾನಾಗಿ ಮೈಮೇಲೆ ಬೀಳುವ ಹಾಗೆ. ಮುಖಕ್ಕೆ ನೇರ ಹೊಡೆಯಬಾರದು. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಮುಗಿಸಿದರೆ ಸಂಜೆಗೆ ಬುಡದವರೆಗೆ ಒಣಗುತ್ತದೆ. ಆಟಿಯ ಮಳೆ ಬಿಡದೆ ಹಿಡಿದಾಗ ಸ್ನಾನ ಕಡಿಮೆ ಮಾಡಿದೆ. ಆಗ ಗಾಳಿಯೇ ಒದ್ದೆ. ಅಂಥ ದಿನಗಳಲ್ಲಿ ಬೂಸಲು ಹಿಡಿದ ಕಾಳು ತಿನ್ನದ ಹಾಗೆ ನೋಡುವುದು ಸ್ನಾನಕ್ಕಿಂತ ಮುಖ್ಯ.

ಹೊಸ ಗರಿ ಬೂದುಬಿಳಿ ಕೊಳವೆಯೊಳಗೆ ಮುಳ್ಳಿನ ಹಾಗೆ ಏಳುತ್ತದೆ. ತಲೆಯ ಮೇಲಿನವನ್ನು ಬಿಡಿಸಲಿಕ್ಕೆ ಜೊತೆಹಕ್ಕಿ ಬೇಕು, ಇಲ್ಲವಾದರೆ ನಾವು. ಪೂರ್ತಿ ಒಣಗಿದ ಕೊಳವೆಯನ್ನು ಎರಡು ಬೆರಳ ನಡುವೆ ಮೆಲ್ಲನೆ ಹೊಸೆದರೆ ಹುಡಿಯಾಗಿ ಉದುರುತ್ತದೆ, ಕುಂಞಿ ಕಣ್ಣು ಮುಚ್ಚಿ ತಲೆ ತಗ್ಗಿಸುತ್ತದೆ. ಬುಡ ಕಪ್ಪಗೆ ಕಂಡರೆ ಮುಟ್ಟಬೇಡಿ, ಅದರಲ್ಲಿ ರಕ್ತ ಉಂಟು. ಕೆರೆಯುವುದು ತಲೆ, ಕುತ್ತಿಗೆ ಮಾತ್ರ. ಬೆನ್ನು ಸವರಿದರೆ ಹಕ್ಕಿಗೆ ಜೋಡಿ ಕೂಡುವ ಬುದ್ಧಿ ಹುಟ್ಟಿ ಚಡಪಡಿಕೆ ಹೆಚ್ಚುತ್ತದೆ.

ನಿದ್ರೆಯ ವಿಷಯದಲ್ಲಿ ಮನೆಯಲ್ಲಿ ಸ್ವಲ್ಪ ಜಗಳವೇ ಆಯಿತು. ಪಂಜರ ಇದ್ದದ್ದು ಚಾವಡಿಯಲ್ಲಿ ಟಿವಿಯ ಪಕ್ಕ. ಧಾರಾವಾಹಿ ಮುಗಿಯುವಾಗ ಹತ್ತೂವರೆ, ಸಂಜೆ ದೇವರಿಗೆ ಧೂಪ, ಆಮೇಲೆ ಸೊಳ್ಳೆ ಬತ್ತಿ. ಹಕ್ಕಿಗೆ ಹತ್ತು-ಹನ್ನೆರಡು ಗಂಟೆ ಕತ್ತಲೆ ಬೇಕು, ಹೊಗೆ ಅದರ ಶ್ವಾಸಕೋಶಕ್ಕೂ ಆಗದು, ಗರಿಗೂ ಆಗದು. ಈಗ ಏಳಕ್ಕೆ ಉಪ್ಪರಿಗೆಯ ಕೋಣೆಗೆ, ಕಿಟಕಿಗೆ ಬಲೆ. ಅದೇ ನೆಪದಲ್ಲಿ ನಾನ್‌ಸ್ಟಿಕ್ ಕಾವಲಿಯನ್ನೂ ಹೊರಹಾಕಿದೆ. ಅದು ಬರಿದಾಗಿ ಕಾದರೆ ಹೊರಡುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಹುದು.

ಹಗಲಿಗೆ ಕೊಕ್ಕಿಗೆ ಕೆಲಸ ಬೇಕು. ಅಡಿಕೆ ಹಾಳೆಯ ತುಂಡು ನನಗೆ ಕಂಡಂತೆ ಅತ್ಯುತ್ತಮ: ಸಿಗಿಯುತ್ತದೆ, ಸದ್ದು ಮಾಡುತ್ತದೆ, ಖರ್ಚಿಲ್ಲ. ಆದರೆ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಬಿಡುವ ಮೊದಲು ಬಿದ್ದ ಹಾಳೆಯೇ ಆಗಬೇಕು. ಮೈಲುತುತ್ತಿನ ತಾಮ್ರ ಹೊಟ್ಟೆಗೆ ಹೋಗಬಾರದು. ನಾನು ಬೇಸಗೆಯಲ್ಲೇ ತೊಳೆದು ಒಣಗಿಸಿ ಅಟ್ಟದಲ್ಲಿಡುತ್ತೇನೆ. ಅಡಿಕೆ ಮಾತ್ರ ಎಳೆಯದಾದರೂ ಕೊಡಬೇಡಿ. ಮೈ ಕಚ್ಚುವುದು ಕಂಡಾಗ “ಛೀ, ಬಿಡು” ಎಂದು ಓಡಿ ಬರುವುದನ್ನೂ ಎಲ್ಲರೂ ನಿಲ್ಲಿಸಿದೆವು. ಕಚ್ಚಿದರೆ ಜನ ಬರುತ್ತಾರೆ ಎಂದು ಅದು ಬೇಗ ಕಲಿಯುತ್ತದೆ.

ಎದೆ ಈಗ ತುಂಬಿದೆ. ಎಡತೊಡೆಯ ಕಾಸಗಲದ ಜಾಗ ಇನ್ನೂ ಬೋಳು. ಗರಿಯ ಬುಡವೇ ಕೆಟ್ಟಿದ್ದರೆ ಅಲ್ಲಿ ಬಾರದೆಯೂ ಇರಬಹುದಂತೆ. ರಕ್ತ ಬಂದರೆ, ತೂಕ ಇಳಿದರೆ, ಗರಿ ಉಬ್ಬಿಸಿ ಮೂಲೆಯಲ್ಲಿ ಕುಳಿತರೆ ಇದ್ಯಾವುದನ್ನೂ ಮಾಡುತ್ತ ಕೂರದೆ ನೇರ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಆ ದಿನದ ಹಿಕ್ಕೆ ಬಿದ್ದ ಕಾಗದ, ತೂಕ ಬರೆದ ಪುಸ್ತಕ, ಕಚ್ಚುವಾಗ ತೆಗೆದ ಮೊಬೈಲ್ ವಿಡಿಯೋ ಒಯ್ಯಿರಿ. ಡಾಕ್ಟರ ಮೇಜಿನ ಮೇಲೆ ಯಾವ ಹಕ್ಕಿಯೂ ಮೈ ಕೆರೆಯುವುದಿಲ್ಲ.