ಒಂದು ದಪ್ಪ ಪಾಟಾ ಕಲಿಸಿದ್ದು

ಹುಬ್ಬಳ್ಳಿಯಲ್ಲಿ ಗಾಡಿಗಳ ಪಾಟಾ, ಅಂದರೆ ಗಾಲಿಯ ಪೆಟ್ಟು ನುಂಗುವ ಸ್ಪ್ರಿಂಗ್ ಪಟ್ಟಿ, ಅದರ ಕೆಲಸ ಮಾಡುತ್ತ 19 ವರ್ಷವಾಯಿತು. ಅದರಲ್ಲಿ ಒಂದು ಟೆಂಪೊ ಕಲಿಸಿದಷ್ಟು ಬೇರೆ ಯಾವುದೂ ಕಲಿಸಲಿಲ್ಲ.

ಬ್ಯಾಡಗಿಗೆ ಮೆಣಸಿನಕಾಯಿ ಹೊಡೆಯುವ ಗಾಡಿ ಅದು. ಮೂರು ತಿಂಗಳಲ್ಲಿ ಎರಡನೇ ಸಲ ಹಿಂದಿನ ಎಡಗಡೆ ಮೇನ್ ಪಾಟಾ, ಸೆಟ್ಟಿನಲ್ಲಿ ಎಲ್ಲಕ್ಕೂ ಉದ್ದದ್ದು, ಕಟ್ಟಾಗಿತ್ತು. “ಮಿಸ್ತ್ರಿ, ಈ ಸಲ ಒಂದ ದಪ್ಪಂದು ಹಾಕಿಬಿಡ್ರಿ, ಮತ್ತ ಮುರೀಬಾರ್ದು ನೋಡ್ರಿ” ಅಂದರು ಡ್ರೈವರ್. ನನಗೂ ಸರಿ ಅನಿಸಿತು. 8 ಎಂ.ಎಂ.ನ ಐದು ಪಾಟಾ ಇದ್ದ ಸೆಟ್ಟಿಗೆ 12 ಎಂ.ಎಂ.ನದೊಂದನ್ನು ಎರಡೂ ಕಡೆ ಸೇರಿಸಿ ಕಳಿಸಿದೆ.

ಎರಡೇ ತಿಂಗಳಿಗೆ ಗಾಡಿ ವಾಪಸ್ ಬಂತು. ಎಡಗಡೆ ಮುರಿದದ್ದು ಆ ದಪ್ಪ ಪಾಟಾನೇ. ಮೇಲಾಗಿ ಪಾಟಾದ ತುದಿ ಹಿಡಿದಿಡುವ ಚಾಸಿಯ ಹ್ಯಾಂಗರ್ ಹತ್ತಿರ ರಿವೆಟ್ ಸಡಿಲಾಗಿದ್ದವು. ಆ ದಿನ ಅವರ ಕಡೆಯಿಂದ ದುಡ್ಡು ಇಸಿದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಬಲಗಡೆಯದು ಇನ್ನೂ ಗಟ್ಟಿಯಿತ್ತು. ಬಿಚ್ಚುವ ಮೊದಲು ಅದರ ಎರಡೂ ತುದಿಯ ಸುರುಳಿಗೆ, ನಾವು ಕಣ್ಣು ಅನ್ನುವುದಕ್ಕೆ, ಈ ಕಣ್ಣಿನಿಂದ ಆ ಕಣ್ಣಿಗೆ ದಾರ ಬಿಗಿದು, ನಡುವೆ ಬಾಗು ಎಷ್ಟಿದೆ ಅಂತ ಅಳೆದೆ. ಗಾಡಿಗೆ ಹತ್ತು ಚೀಲ ಸಿಮೆಂಟ್ ಹೇರಿದರೆ ಬಾಗು ಎರಡು ಸೆಂಟಿಮೀಟರೂ ಇಳಿಯಲಿಲ್ಲ. ದಪ್ಪನೆಯವನ್ನು ತೆಗೆದು, ಐದು 8 ಎಂ.ಎಂ. ಪಾಟಾಗಳ ಹೊಸ ಸೆಟ್ ಕಟ್ಟಿ ಹೇರಿದೆ: ಸುಮಾರು ಮೂರು ಸೆಂಟಿಮೀಟರ್ ಇಳಿಯಿತು. ಮತ್ತೆ ಹತ್ತು ಚೀಲ ಹಾಕಿದೆ, ಮತ್ತೆ ಮೂರು. ಭಾರ ಎಷ್ಟು ಪಟ್ಟೋ ಬಾಗುವುದೂ ಅಷ್ಟೇ ಪಟ್ಟು. ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲೇ ಇದನ್ನು ಅಚ್ಚು ಹಾಕಿಸಿದ್ದರಂತೆ. ಮಗಳು ತನ್ನ ಪಿಯುಸಿ ಪುಸ್ತಕ ತೆಗೆದು ತೋರಿಸಿದಳು.

ದಪ್ಪದ ಲೆಕ್ಕ ಮಾತ್ರ ಬೇರೆ. ಅಗಲ, ಉದ್ದ ಅವೇ ಇದ್ದು ದಪ್ಪ ಎರಡು ಪಟ್ಟಾದರೆ ಬಾಗದೆ ನಿಲ್ಲುವ ಬಿಗಿ ಎಂಟು ಪಟ್ಟಾಗುತ್ತದೆ. 8ರ ಜಾಗದಲ್ಲಿ 12 ಬಂದರೆ ಮೂರು ಪಟ್ಟಿಗೂ ಜಾಸ್ತಿ. ಅಂದರೆ ನಾನು ಒಂದಲ್ಲ, ಮೂರು ಪಾಟಾ ತುರುಕಿದ್ದೆ! ಗುಂಡಿಯಲ್ಲಿ ಗಾಲಿ ಬಿದ್ದ ಪೆಟ್ಟನ್ನು ಪಾಟಾ ನುಂಗಲಿಲ್ಲ, ಚಾಸಿ ತಿಂದಿತು. ಅಷ್ಟೇ ಬಾಗಿದರೂ ದಪ್ಪ ಪಾಟಾದ ಮೈಮೇಲೆ ಎಳೆತ ಹೆಚ್ಚು; ಅದಕ್ಕೇ ಅದು ಮೊದಲು ಹೋಯಿತು.

ಹಾಗಾದರೆ ಮೂಲದ ತೆಳು ಪಾಟಾ ಯಾಕೆ ಮುರಿಯುತ್ತಿತ್ತು? ಗುಜರಿ ಮೂಲೆಯಿಂದ ಆ ತುಂಡುಗಳನ್ನು ಹುಡುಕಿ ತೆಗೆದೆ. ಪಾಟಾಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟಿನ ತೂತಿನ ಮೇಲೇ ಬಿರುಕು ಹಾಯ್ದಿತ್ತು. ಮುರಿದ ಮುಖದಲ್ಲಿ ತೂತಿನ ಪಕ್ಕದ ಭಾಗ ಕರ್ರಗೆ ನುಣ್ಣಗಿತ್ತು, ಉಳಿದದ್ದು ಬೆಳ್ಳಗೆ ತರಿತರಿ. ಕರಿಯದು ಹಳೆಯ ಬಿರುಕು, ದಿನಾ ಇಷ್ಟಿಷ್ಟೇ ಬೆಳೆದದ್ದು. ಬೆಳ್ಳನೆಯದು ಕೊನೆಯ ದಿನ ಒಮ್ಮೆಲೇ ಹರಿದದ್ದು. ಪಾಟಾ ಸೆಟ್ಟನ್ನು ಆಕ್ಸಲ್‌ಗೆ ಬಿಗಿದು ಹಿಡಿಯುವ ಯು ಬೋಲ್ಟ್ ಸಡಿಲಿದ್ದರೆ ಹೀಗಾಗುತ್ತದೆ: ಬಿಗಿಯಾಗಿ ಕೂತಿರಬೇಕಾದ ನಡುಭಾಗವೂ ಬಾಗತೊಡಗಿ, ತೂತಿನಿಂದಲೇ ಸೀಳು ಶುರುವಾಗುತ್ತದೆ. ಮೊದಲ ಸಲ ಬಂದಾಗಲೇ ನಾನು ಇದನ್ನು ನೋಡಬೇಕಿತ್ತು.

ಮುರಿದದ್ದಕ್ಕೆ ವೆಲ್ಡಿಂಗ್ ಮಾಡಿಕೊಡಿ ಅಂತ ಈಗಲೂ ಕೇಳುತ್ತಾರೆ. ಮಾಡುವುದಿಲ್ಲ. ಕಾಸಿದ ಕಡೆ ಉಕ್ಕಿನ ಹದ ಕೆಟ್ಟು, ಬೆಸುಗೆಯ ಮಗ್ಗುಲಲ್ಲೇ ಮತ್ತೆ ಮುರಿಯುತ್ತದೆ. ಆ ತುಂಡು ಕಮ್ಮಾರರ ಕುಲುಮೆಗೆ ಹೋಗಲಿ, ಒಳ್ಳೆಯ ಕುಡಗೋಲಾಗುತ್ತದೆ.

ಈಗ ಹೊಸ ಸೆಟ್ ಕೂರಿಸಿದರೆ, ಗಾಡಿಯನ್ನು ಜಾಕಿನಿಂದ ಇಳಿಸಿ ಭಾರ ಪಾಟಾದ ಮೇಲೆ ಬಿದ್ದ ಮೇಲೆಯೇ ಯು ಬೋಲ್ಟ್ ಕೊನೆಯ ಬಿಗಿ ಕೊಡುತ್ತೇನೆ. ನಾಲ್ಕೈದು ಟ್ರಿಪ್ ಆದ ಮೇಲೆ ಇನ್ನೊಮ್ಮೆ ಬನ್ನಿ ಅನ್ನುತ್ತೇನೆ. ಆ ಬಿಗಿಗೆ ದುಡ್ಡು ತಗೊಳ್ಳುವುದಿಲ್ಲ. ಬ್ಯಾಡಗಿಯ ಡ್ರೈವರ್ ಮಾತ್ರ ಈಗ ಪಾನಾ ತಾವೇ ಇಟ್ಟುಕೊಂಡಿದ್ದಾರೆ.