ಅಷ್ಟಮಿಗೆ ಮೂಡೆ: ಮೊದಲು ಮುಳ್ಳು ತೆಗೆಯಿರಿ

ಅಷ್ಟಮಿ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿಯ ಪೇಟೆಗಳಲ್ಲಿ ಸುತ್ತಿಟ್ಟ ಮೂಡೆಗಳು, ಅಂದರೆ ಇಡ್ಲಿ ಹಿಟ್ಟು ಹೊಯ್ದು ಬೇಯಿಸುವ ಎಲೆಯ ಕೊಳವೆಗಳು, ಮಾರಾಟಕ್ಕೆ ಬರುತ್ತವೆ. ಕೊಂಡು ತಂದರೆ ಅರ್ಧ ಕೆಲಸ ಮುಗಿಯಿತು. ಆದರೆ ಮನೆ ಹತ್ತಿರದ ತೋಡಿನ ಬದಿಯಲ್ಲೋ ಗದ್ದೆಯಂಚಿನ ಕೆಸರಲ್ಲೋ ಮುಂಡೇವು ಇದ್ದರೆ ಒಮ್ಮೆ ನೀವೇ ಸುತ್ತಿ ನೋಡಿ. ಮುಂಡೇವು ಅಂದರೆ ಕೇದಿಗೆ ಜಾತಿಯದ್ದೇ, ತುಳುವಿನಲ್ಲಿ ಹಾಗೆ ಹೇಳುತ್ತಾರೆ. ಹಿಟ್ಟು ಇಡ್ಲಿಯದ್ದೇ, ಅದರಲ್ಲಿ ಗುಟ್ಟೇನಿಲ್ಲ. ಕಷ್ಟವೆಲ್ಲ ಎಲೆಯಲ್ಲಿ.

ಎಲೆಗೆ ಮೂರು ಸಾಲು ಮುಳ್ಳು. ಎರಡು ಅಂಚಿನಲ್ಲಿ, ಮೂರನೆಯದು ಅಡಿಭಾಗದ ನಡು ನಾರಿನ ಮೇಲೆ, ಹೊಸಬರ ಕೈ ಕೊಯ್ಯುವುದು ಇದೇ. ಅಂಚಿನ ಮುಳ್ಳು ತುದಿಯ ಕಡೆ ಬಾಗಿರುತ್ತವೆ. ಹಾಗಾಗಿ ಬುಡದಿಂದ ತುದಿಗೆ ಕೈಯಾಡಿಸಿದರೆ ಅಷ್ಟಾಗಿ ತಾಗುವುದಿಲ್ಲ, ಉಲ್ಟಾ ಎಳೆದಿರೋ ರಕ್ತವೇ. ಚೂಪಾದ ಚೂರಿಯಲ್ಲಿ ಎರಡೂ ಅಂಚು ಸೀಳಿ, ಆಮೇಲೆ ನಡು ನಾರನ್ನೂ ಕಿತ್ತುಬಿಡಿ. ಎರಡು ಉದ್ದ ಪಟ್ಟಿ ಸಿಗುತ್ತದೆ.

ಈಗ ಬಾಡಿಸಬೇಕು. ಕೆಂಡದ ಮೇಲೆ ಅಥವಾ ಗ್ಯಾಸಿನ ಸಣ್ಣ ಉರಿಯ ಮೇಲೆ ಎಳೆಯುತ್ತಾ ಹೋಗಿ, ಬಣ್ಣ ಮಂಕಾಗಿ ಎಲೆ ರಿಬ್ಬನ್ನಿನ ಹಾಗೆ ಬಗ್ಗಿದರೆ ಸಾಕು. ಇದನ್ನು ಬಿಟ್ಟರೆ ಸುತ್ತುವಾಗ ಸೀಳುತ್ತದೆ. ಮಲೇಷ್ಯಾದ ಜವುಗು ಕಾಡಿನಲ್ಲಿ ಇದರದ್ದೇ ಬಳಗದ ಮೆಂಗ್‌ಕುವಾಂಗ್ ಇದೆ, ಅಲ್ಲಿಯವರೂ ಮುಳ್ಳು ತೆಗೆದು ಹೀಗೇ ಬೆಂಕಿಗೆ ಹಿಡಿಯುತ್ತಾರೆ. ಅವರು ಚಾಪೆ ಹೆಣೆಯುತ್ತಾರೆ, ನಾವು ತಿಂಡಿ ಬೇಯಿಸುತ್ತೇವೆ, ಅಷ್ಟೇ ವ್ಯತ್ಯಾಸ!

ಪಟ್ಟಿಯ ಒಂದು ತುದಿಯನ್ನು ಮಡಚಿ ತಳ ಮಾಡಿ. ಅಲ್ಲಿಂದ ಮೇಲಕ್ಕೆ ಸುತ್ತುತ್ತಾ ಹೋಗಿ, ಪ್ರತಿ ಸುತ್ತೂ ಹಿಂದಿನದರ ಅರ್ಧದಷ್ಟನ್ನು ಮುಚ್ಚಬೇಕು. ಕೊನೆಗೆ ತೆಂಗಿನ ಗರಿಯ ಕಡ್ಡಿ ಚುಚ್ಚಿ. ಮೊದಲ ನಾಲ್ಕೈದು ಸೊಟ್ಟಗಾಗುತ್ತವೆ, ಬೇಜಾರು ಬೇಡ. ಸ್ವಲ್ಪ ನೀರು ಹೊಯ್ದು ನೋಡಿ. ಹನಿ ಜಿನುಗಿದರೆ ಪರವಾಗಿಲ್ಲ, ಧಾರೆ ಬಿದ್ದರೆ ಬಿಚ್ಚಿ ಇನ್ನೊಮ್ಮೆ ಸುತ್ತಿ.

ಉದ್ದು ಒಂದು ಪಾಲು, ಅಕ್ಕಿ ತರಿ ಎರಡು ಪಾಲು. ರುಬ್ಬಿ, ರಾತ್ರಿಯಿಡೀ ಹುಳಿ ಬರಿಸಿದ ಹಿಟ್ಟು ಗಟ್ಟಿಯಾಗಿರಲಿ. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತುಂಬಬೇಡಿ, ಉಬ್ಬಿ ಹೊರಗೆ ಸುರಿಯುತ್ತದೆ. ಇಡ್ಲಿ ಬೇಯಿಸುವ ಹಬೆ ಪಾತ್ರೆಯಲ್ಲಿ ಒಂದಕ್ಕೊಂದು ಒರಗಿಸಿ ನೆಟ್ಟಗೆ ನಿಲ್ಲಿಸಿ, ಸುಮಾರು 40 ನಿಮಿಷ ಹಬೆಯಲ್ಲಿ ಬೇಯಿಸಿ.

ಇಳಿಸಿದ ಕೂಡಲೇ ಬಿಚ್ಚಬೇಡಿ, ಎಲೆಗೆ ಅಂಟಿಕೊಳ್ಳುತ್ತದೆ. ಹತ್ತು ನಿಮಿಷ ಬಿಟ್ಟು ಕಡ್ಡಿ ತೆಗೆದು ಸುರುಳಿ ಎಳೆದರೆ ಕೇದಿಗೆ ಎಲೆಯ ಪರಿಮಳದ ಜತೆ ಮೈಮೇಲೆ ಗೆರೆ ಮೂಡಿದ ಬಿಳಿ ಮೂಡೆ ತಟ್ಟೆಗೆ ಜಾರುತ್ತದೆ.